ಪುನರುತ್ಥಾನದ ನಂಬಿಕೆಯೂ ಸೇವೆಯ ಕೈಯೂ

ಓದತಕ್ಕ ವೇದಭಾಗ: 1 ಕೊರಿಂಥ 15ನೆಯ ಅಧ್ಯಾಯ, 16ನೆಯ ಅಧ್ಯಾಯದ 1ರಿಂದ 4ನೆಯ ವಚನಗಳು.

ಈ ಹದಿನೈದನೆಯ ಅಧ್ಯಾಯವನ್ನು ನಾವು ಹೆಚ್ಚಾಗಿ ಸಮಾಧಿಯ ಬಳಿಯಲ್ಲಿ ಕೇಳುತ್ತೇವೆ. ಆದಕಾರಣ ಅದು ಸತ್ತವರ ವಿಷಯವೆಂದು ಅನೇಕರು ಎಣಿಸುತ್ತಾರೆ. ಆದರೆ ಅದರ ಕಡೇ ವಚನವು ಬದುಕಿರುವವರ ಕೆಲಸವನ್ನು ಕುರಿತದ್ದು. ಕ್ರಿಸ್ತನು ಎದ್ದನು, ಮರಣವು ಸೋತಿತು ಎಂದು ಸಾರಿದ ಅಪೊಸ್ತಲನು, ಆದದರಿಂದ ಕರ್ತನ ಕೆಲಸದಲ್ಲಿ ಕದಲದೆ ನಿಲ್ಲಬೇಕೆಂದು ಬೋಧಿಸುತ್ತಾನೆ. ಅದರ ಬೆನ್ನಲ್ಲೇ ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವ ಮಾತನ್ನು ಎತ್ತುತ್ತಾನೆ. ಪ್ರತಿಯೊಬ್ಬನು ತನ್ನ ಭಾಗವನ್ನು ಯಾವ ದಿನದಲ್ಲಿ ತೆಗೆದಿಡಬೇಕು? ವಾರದ ಮೊದಲನೆಯ ದಿನದಲ್ಲಿ, ಅಂದರೆ ಕರ್ತನು ಎದ್ದ ದಿನದಲ್ಲಿಯೇ. ಅಧ್ಯಾಯದ ಅಂಕಿಯನ್ನು ಹಾಕಿದವನು ಪೌಲನಲ್ಲ. ಅವನ ಪತ್ರದಲ್ಲಿ ಪುನರುತ್ಥಾನಕ್ಕೂ ಬಡವರ ಕಾಣಿಕೆಗೂ ನಡುವೆ ಗೋಡೆಯಿಲ್ಲ.

1. ಮರಣಭಯವು ಕೈಯನ್ನು ಕಟ್ಟುತ್ತದೆ.

1898ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಪೇಟೆಯಲ್ಲಿಯೂ ದಂಡುಪ್ರದೇಶದಲ್ಲಿಯೂ ಇಕ್ಕಟ್ಟಾದ ಬೀದಿಗಳಲ್ಲಿ ಬಹು ಜನರು ಸತ್ತರು. ಅನೇಕರು ಮನೆಗಳನ್ನು ಬಿಟ್ಟು ಊರ ಹೊರಗಣ ಗುಡಿಸಲುಗಳನ್ನು ಸೇರಿದರು. ಆ ಹಾವಳಿಯ ತರುವಾಯವೇ ದಂಡಿನಲ್ಲಿ ಗಾಳಿ ಬೆಳಕುಳ್ಳ ಫ್ರೇಜರ್ ಟೌನ್ ಎಂಬ ಬಡಾವಣೆಯನ್ನು ಕಟ್ಟಿದರು. ಇಂಥ ಕಾಲದಲ್ಲಿ ಸ್ವಂತ ಬಂಧುಗಳೂ ರೋಗಿಯನ್ನು ಮುಟ್ಟಲು ಅಂಜುತ್ತಾರೆ. ಮರಣದ ಭಯವು ಮನುಷ್ಯರನ್ನು ದಾಸತ್ವದಲ್ಲಿ ಹಿಡಿದಿರುವದೆಂದು ಇಬ್ರಿಯರ ಪತ್ರವು ಹೇಳುವದು ಸುಳ್ಳಲ್ಲ.

2. ನಿರೀಕ್ಷೆಯು ಕಟ್ಟನ್ನು ಬಿಚ್ಚುತ್ತದೆ.

ಸುಮಾರು 260ನೆಯ ವರುಷದಲ್ಲಿ ಐಗುಪ್ತದ ಅಲೆಕ್ಸಾಂದ್ರಿಯ ಪಟ್ಟಣದಲ್ಲಿ ಮಹಾಮಾರಿ ಉಂಟಾದಾಗ, ಅಲ್ಲಿಯ ಸಭಾಧ್ಯಕ್ಷನಾದ ದಿಯೊನೀಸಿಯನು ಪುನರುತ್ಥಾನದ ಹಬ್ಬಕ್ಕಾಗಿ ಒಂದು ಪತ್ರವನ್ನು ಬರೆದನು. ವಿಶ್ವಾಸಿಗಳು ರೋಗಿಗಳನ್ನು ಉಪಚರಿಸಿ, ಸತ್ತವರ ದೇಹಗಳನ್ನು ತೊಳೆದು ಹೂಣಿಟ್ಟು, ಅನೇಕರು ತಾವೂ ಸತ್ತರೆಂದು ಅದರಲ್ಲಿ ತಿಳಿಸಿದ್ದಾನೆ. ಅಷ್ಟು ದೂರ ಹೋಗುವದೇಕೆ? ಶಿವಾಜಿನಗರದ ಸಿ. ಎಸ್. ಐ. ಆಸ್ಪತ್ರೆಯು ಮೊದಲು ಝನಾನಾ ಮಿಶನ್ ಆಸ್ಪತ್ರೆಯಾಗಿತ್ತು. ಪುರುಷ ವೈದ್ಯರ ಮುಂದೆ ಬರಲಾರದೆ ಪರದೆಯೊಳಗೆ ನರಳುವ ಸ್ತ್ರೀಯರಿಗೋಸ್ಕರ ಇಂಥ ಆಸ್ಪತ್ರೆಗಳು ಹುಟ್ಟಿದವು.

3. ಧೈರ್ಯವು ಬೇರೆ, ಅಜಾಗ್ರತೆಯು ಬೇರೆ.

ಇಲಿಗಳ ಮೈಮೇಲಣ ಚಿಗಟಗಳು ಪ್ಲೇಗನ್ನು ಹರಡುತ್ತವೆಂದು ಈಗ ತಿಳಿದಿದೆ. ತಿಳಿದದ್ದನ್ನು ತಿರಸ್ಕರಿಸುವದು ವಿಶ್ವಾಸವಲ್ಲ. ಚುಚ್ಚುಮದ್ದನ್ನೂ ವೈದ್ಯರ ಮಾತನ್ನೂ ಕೃತಜ್ಞತೆಯಿಂದ ಅಂಗೀಕರಿಸಿ, ಆಮೇಲೆ ರೋಗಿಯ ಬಾಗಲಿಗೆ ಹೋಗೋಣ. 2021ರಲ್ಲಿ ಕೊರೋನದ ಎರಡನೆಯ ಅಲೆಯು ಬಂದಾಗ, ಬೆಂಗಳೂರಿನಲ್ಲಿ ನಾನಾ ಮತಗಳ ಸ್ವಯಂಸೇವಕರು ರಕ್ಷಣೆಯ ಉಡುಪನ್ನು ತೊಟ್ಟು, ತಮಗೆ ಸಂಬಂಧವಿಲ್ಲದವರ ಶವಗಳನ್ನು ಮರ್ಯಾದೆಯಿಂದ ಸಾಗಿಸಿದರು. ಅವರಿಗೆ ತಲೆಬಾಗೋಣ, ಎದ್ದ ಕರ್ತನನ್ನು ಹಾಡುವ ನಾವು ಹಿಂದೆ ಉಳಿಯಬಹುದೋ?

4. ಫಲವಿಲ್ಲದಂತೆ ತೋರುವ ಸೇವೆ.

ಹಾಸಿಗೆ ಹಿಡಿದ ಮುದುಕಿಯನ್ನು ಸೊಸೆಯು ವರುಷಗಟ್ಟಳೆ ತೊಳೆದು ಉಣಿಸುತ್ತಾಳೆ. ಕಡೆಗೆ ಮುದುಕಿಯು ಸಾಯುತ್ತಾಳೆ. ಮಣ್ಣಿಗೆ ಹೋಗುವ ದೇಹಕ್ಕೆ ಇಷ್ಟು ಪ್ರಯಾಸವೇಕೆಂದು ನೆರೆಯವರು ಕೇಳಬಹುದು. ರಾಗಿ ಬಿತ್ತುವವನನ್ನು ಕೇಳಿರಿ: ಮಣ್ಣಿಗೆ ಹಾಕುವ ಬೀಜವನ್ನೇ ಅವನು ಎಲ್ಲಕ್ಕಿಂತ ಜೋಕೆಯಾಗಿ ಆರಿಸಿಡುತ್ತಾನೆ. ಪೌಲನೂ ದೇಹವನ್ನು ಬೀಜಕ್ಕೆ ಹೋಲಿಸಿದ್ದಾನೆ. ದೇವರು ಎಬ್ಬಿಸಲಿರುವ ದೇಹವನ್ನು ಉಪಚರಿಸಿದ ಕೈಗಳು ಏನನ್ನೂ ಕಳೆದುಕೊಂಡಿಲ್ಲ. ನಾವು ನೆಟ್ಟದ್ದರ ಬೆಳೆಯನ್ನು ಇಲ್ಲಿ ಕಾಣದಿದ್ದರೂ, ಬೆಳಸುವವನು ಜೀವಿಸುತ್ತಾನೆ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:

1. ನಮ್ಮ ಊರಿನಲ್ಲಿ ಯಾವ ರೋಗಿಯ ಮನೆಗೆ ಜನರು ಹೋಗಲು ಹೆದರುತ್ತಾರೆ?
2. ಬರುವ ಆದಿತ್ಯವಾರದೊಳಗೆ ನಮ್ಮಲ್ಲಿ ಯಾರು ಅಲ್ಲಿಗೆ ಹೋಗುವರು?
3. ವಾರದ ಮೊದಲನೆಯ ದಿನದಲ್ಲಿ ಬಡವರಿಗಾಗಿ ನಾವು ತೆಗೆದಿಡುವದೆಷ್ಟು?