ಎರಡು ಸಂಗೀತಗಳನ್ನು ಅರಿತವರು: ಉಸ್ತಾದ್ ಅಬ್ದುಲ್ ಕರೀಂ ಖಾನ್

ನಮ್ಮ ದೇವನಕೊಂಡದ ಕಡೆ ಭಜನೆಗೆ ಕುಳಿತರೆ, ಕನ್ನಡದ ದಾಸರ ಪದವೊಂದು ಮುಗಿಯುತ್ತಲೇ ತೆಲುಗಿನ ಕೀರ್ತನೆಯೊಂದು ಆರಂಭವಾಗುವುದುಂಟು. ಹಾಡುವವರೂ ಅವರೇ, ತಾಳ ಹಾಕುವವರೂ ಅವರೇ. ಕನ್ನಡದಲ್ಲಿ ಸುಳಾದಿಗಳನ್ನು ರಚಿಸಿದ ವಿಜಯದಾಸರು ದೇಹವಿಟ್ಟದ್ದು ನಮ್ಮ ಕರ್ನೂಲು ಸೀಮೆಯ ಚಿಪ್ಪಗಿರಿಯಲ್ಲಿಯೇ. ಆದರೂ ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳನ್ನು ಕಂಡು, “ಇವರಿಗೆ ಎರಡೂ ಅರ್ಧಂಬರ್ಧವಾದೀತೇನೋ” ಎಂದು ಚಿಂತಿಸುವ ತಂದೆತಾಯಿಗಳಿದ್ದಾರೆ. ಈ ಚಿಂತೆಗೆ ಉತ್ತರವನ್ನು ದೂರದ ಉತ್ತರದಿಂದ ಬಂದ ಗಾಯಕರೊಬ್ಬರ ಬಾಳಿನಲ್ಲಿ ಹುಡುಕೋಣ.

ಉಸ್ತಾದ್ ಅಬ್ದುಲ್ ಕರೀಂ ಖಾನರು 1872ರಲ್ಲಿ ಇಂದಿನ ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ ಹುಟ್ಟಿದರು. ಆ ಊರಿನ ಹೆಸರಿನಿಂದಲೇ ಅವರ ಗಾಯನ ಪದ್ಧತಿಗೆ ಕಿರಾಣಾ ಘರಾಣೆ ಎಂಬ ಹೆಸರು ಬಂದಿತು. ಮನೆಯ ಹಿರಿಯರಿಂದಲೇ ಹಿಂದೂಸ್ತಾನಿ ಸಂಗೀತವನ್ನು ಕಲಿತು, ಕೆಲವು ಕಾಲ ಬರೋಡಾ ಅರಮನೆಯಲ್ಲಿ ಗಾಯಕರಾಗಿದ್ದರು. ಬಳಿಕ ಅದನ್ನು ಬಿಟ್ಟು, ಊರೂರು ಸುತ್ತಿ ಕಚೇರಿ ಮಾಡಿ ಬಾಳಿದರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದರು. ಕೊನೆಗೆ ಮೀರಜಿನಲ್ಲಿ ನೆಲೆಸಿದರು.

ಮೈಸೂರು ಅರಮನೆಯ ಆಹ್ವಾನದ ಮೇರೆಗೆ ಅವರು ದಕ್ಷಿಣಕ್ಕೆ ಬರುತ್ತಿದ್ದರು. ಅಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಹಾಡನ್ನು ಗಮನವಿಟ್ಟು ಕೇಳಿದರು.

ಈ ಎರಡು ಸಂಗೀತಗಳಿಗೂ ಸಪ್ತಸ್ವರಗಳೇ ಆಧಾರ. ನಮ್ಮಲ್ಲಿ ಹಿಂದೋಳವೆಂದು ಕರೆಯುವ ರಾಗದ ಸ್ವರಗಳೇ ಅಲ್ಲಿ ಮಾಲಕೌಂಸ್ ರಾಗದಲ್ಲಿವೆ. ನಮ್ಮ ಮೋಹನಕ್ಕೆ ಅಲ್ಲಿನ ಭೂಪ ಹತ್ತಿರದ್ದು. ಸ್ವರ ಒಂದೇ ಆದರೂ ನಡೆ ಬೇರೆ. ಕರ್ನಾಟಕ ಸಂಗೀತದಲ್ಲಿ ಗಮಕಕ್ಕೂ ಕೃತಿಗೂ ಪ್ರಾಧಾನ್ಯ ಹೆಚ್ಚು. ಹಿಂದೂಸ್ತಾನಿಯ ಖಯಾಲಿನಲ್ಲಿ ಒಂದೊಂದು ಸ್ವರದ ಮೇಲೂ ನಿಂತು ರಾಗವನ್ನು ನಿಧಾನವಾಗಿ ಬಿಡಿಸುತ್ತಾರೆ. ಕರ್ನಾಟಕ ಗಾಯಕರು ಸ ರಿ ಗ ಮ ಎಂದು ಸ್ವರಗಳ ಹೆಸರು ಹಿಡಿದು, ಆ ಕ್ಷಣದಲ್ಲಿಯೇ ಹೊಸ ಹೊಸ ಜೋಡಣೆಗಳನ್ನು ಕಟ್ಟುತ್ತಾರೆ. ಇದಕ್ಕೆ ಸ್ವರಕಲ್ಪನೆ ಎನ್ನುತ್ತೇವೆ. ಖಾನರು ಇದರಿಂದ ಪ್ರೇರಣೆ ಪಡೆದು ತಮ್ಮ ಖಯಾಲಿನಲ್ಲಿ ‘ಸರಗಮ್’ ಹಾಡುವ ಕ್ರಮವನ್ನು ಬೆಳೆಸಿದರು.

ಅಷ್ಟೇ ಅಲ್ಲ, ತ್ಯಾಗರಾಜರ ಖರಹರಪ್ರಿಯ ರಾಗದ ಕೃತಿಯೊಂದನ್ನು ಹಾಡಿ ಗ್ರಾಮಫೋನ್ ತಟ್ಟೆಗೂ ಕೊಟ್ಟರು. ಆ ಕಾಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷದ ಹಾಡು ಮಾತ್ರ. ಆದರೆ ಆ 3 ನಿಮಿಷಕ್ಕಾಗಿ ಉತ್ತರದ ಗಾಯಕರೊಬ್ಬರು ತಮ್ಮ ಮನೆಮಾತಲ್ಲದ ತೆಲುಗನ್ನು ನಾಲಿಗೆಗೆ ಒಗ್ಗಿಸಿಕೊಳ್ಳಬೇಕಾಯಿತು. ಆ ತೆಲುಗು ನಮ್ಮ ಮಕ್ಕಳ ಕಿವಿಗೆ ದಿನವೂ ಬೀಳುವ ಮಾತು!

ಹಾಗೆಂದು ಅವರು ತಮ್ಮ ಘರಾಣೆಯನ್ನು ಬಿಟ್ಟುಕೊಟ್ಟರೇ? ಇಲ್ಲ. ತಂಬೂರಿಯ ಶ್ರುತಿಯಲ್ಲಿ ಕರಗಿಹೋಗುವ ಅವರ ಸ್ವರ ಕಡೆಯವರೆಗೂ ಕಿರಾಣಾದ್ದಾಗಿಯೇ ಉಳಿಯಿತು. ಆ ಘರಾಣೆ ಬೇರೂರಿದ್ದು ಕನ್ನಡ ನೆಲದಲ್ಲಿ. ಧಾರವಾಡ ಜಿಲ್ಲೆಯ ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರೆಂದು ಹೆಸರಾದರು. ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರು ಸವಾಯಿ ಗಂಧರ್ವರ ಶಿಷ್ಯರು. ಗದಗಿನ ಬಾಲಕ ಭೀಮಸೇನರು ಅಂಗಡಿಯೊಂದರಲ್ಲಿ ಖಾನರ ತಟ್ಟೆಯನ್ನು ಕೇಳಿ ಮರುಳಾಗಿ, 1933ರಲ್ಲಿ, ತಮ್ಮ 11ನೆಯ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟರು. ಅವರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು.

1937ರ ಅಕ್ಟೋಬರ್ 27ರಂದು, ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದ ಖಾನರಿಗೆ ರೈಲಿನಲ್ಲಿ ಎದೆನೋವು ಬಂದಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಅಲ್ಲಿಯೇ ಪ್ರಾರ್ಥನೆ ಹಾಡುತ್ತ ಕಣ್ಣು ಮುಚ್ಚಿದರೆಂದು ಹೇಳುತ್ತಾರೆ. ಹುಟ್ಟಿದ್ದು ಉತ್ತರದಲ್ಲಿ, ಉಸಿರು ನಿಂತದ್ದು ತಮಿಳುನಾಡಿನಲ್ಲಿ, ಸಮಾಧಿ ಮೀರಜಿನಲ್ಲಿ.

ವಿದ್ಯಾರ್ಥಿಗಳೇ, ಎರಡನ್ನು ಬೆರೆಸಬೇಕಾದರೆ ಮೊದಲು ಒಂದರಲ್ಲಿ ಗಟ್ಟಿಯಾಗಿ ನಿಲ್ಲಬೇಕು; ಎರಡನೆಯದನ್ನು ಶ್ರದ್ಧೆಯಿಂದ ಕಲಿಯಬೇಕು. ಕನ್ನಡವನ್ನು ತಪ್ಪಿಲ್ಲದೆ ಓದಿ ಬರೆಯಲು ಕಲಿತ ನಮ್ಮ ಮಕ್ಕಳಿಗೆ ತೆಲುಗು ಹೊರೆಯಾಗದು, ಅದು ಇನ್ನೊಂದು ಸೊತ್ತಾದೀತು.

ಅಭ್ಯಾಸ: ನಿಮ್ಮ ಮನೆಯ ಹಿರಿಯರಿಂದ ಒಂದು ಕನ್ನಡ ಪದವನ್ನೂ ಒಂದು ತೆಲುಗು ಹಾಡನ್ನೂ ಕೇಳಿ ಕಲಿಯಿರಿ. ಅವುಗಳ ಅರ್ಥವನ್ನು ತಿಳಿದು ಬರೆಯಿರಿ.