ಎಳೆಯರಲ್ಲಿ ಮಧುಮೇಹ: ಒಂದು ವಿವೇಚನೆ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದ ಮೇಲೆ ಮಂಡ್ಯವು ಸಕ್ಕರೆಯ ನಾಡೆನಿಸಿಕೊಂಡಿತು. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಕಬ್ಬಿನ ಗದ್ದೆಯನ್ನೂ ಆಲೆಮನೆಯನ್ನೂ ಕಾಣದೆ ಬೆಳೆದ ಮಕ್ಕಳು ವಿರಳ. ಇಂತಹ ನಾಡಿನಲ್ಲಿ ಎಳೆಯ ಮಗುವಿಗೆ ಸಕ್ಕರೆ ಕಾಯಿಲೆ ಬಂದಿತೆಂದರೆ, ಬೆಲ್ಲ ತಿನ್ನಿಸಿದ್ದು ಹೆಚ್ಚಾಯಿತೆಂದು ತಾಯಿಯನ್ನು ದೂರುವುದು ಸುಲಭ. ಆ ದೂರಿಗೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ.

ಎಳೆಯರನ್ನು ಹಠಾತ್ತನೆ ಹಿಡಿಯುವ ಮಧುಮೇಹವನ್ನು ಒಂದನೆಯ ಬಗೆಯದೆಂದು ಕರೆಯುತ್ತಾರೆ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಪಡಿಸುವುದರಿಂದ ಇದು ಉಂಟಾಗುತ್ತದೆ. 1921ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ದೊರೆಯುವವರೆಗೆ ಇದು ಮರಣಶಾಸನವೇ ಆಗಿತ್ತು. 1922ರ ಜನವರಿಯಲ್ಲಿ ಆ ಔಷಧವನ್ನು ಮೊದಲು ಪಡೆದವನು 14 ವರ್ಷದ ಬಾಲಕ, ಲಿಯೊನಾರ್ಡ್ ಥಾಮ್ಸನ್.

ಈ ವ್ಯಾಧಿ ಹೆಚ್ಚುತ್ತಿದೆಯೆ? ಯೂರೋಪಿನ ದೇಶಗಳಲ್ಲಿ 1989ರಿಂದ 2003ರವರೆಗೆ ಹೊಸ ರೋಗಿಗಳ ಪ್ರಮಾಣ ವರ್ಷಕ್ಕೆ ಸುಮಾರು ಶೇಕಡಾ 3.9ರಂತೆ ಏರಿತು. ವಂಶಗುಣಗಳು ಇಷ್ಟು ಬೇಗ ಬದಲಾಗಲಾರವಾದುದರಿಂದ, ಪರಿಸರದ ಯಾವುದೋ ಕಾರಣವನ್ನು ವಿಜ್ಞಾನಿಗಳು ಇನ್ನೂ ಅರಸುತ್ತಿದ್ದಾರೆ. ಕರ್ನಾಟಕದ ಬಾಲಮಧುಮೇಹ ನೋಂದಣಿಯ 13 ವರ್ಷಗಳ ಲೆಕ್ಕ 2008ರಲ್ಲಿ ಪ್ರಕಟವಾಯಿತು. ಅದರಂತೆ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಗಂಡುಮಕ್ಕಳಲ್ಲಿ 3.7, ಹೆಣ್ಣುಮಕ್ಕಳಲ್ಲಿ 4.0 ಹೊಸ ರೋಗಿಗಳು. ಪ್ರಮಾಣ ಚಿಕ್ಕದಾಗಿ ಕಂಡರೂ ನಮ್ಮ ಜನಸಂಖ್ಯೆ ದೊಡ್ಡದು. 2021ರ ಅಂತರರಾಷ್ಟ್ರೀಯ ಅಂದಾಜಿನಲ್ಲಿ ಭಾರತದ 20 ವರ್ಷದೊಳಗಿನ ರೋಗಿಗಳು ಸುಮಾರು 2.29 ಲಕ್ಷ, ಜಗತ್ತಿನಲ್ಲೇ ಅತ್ಯಧಿಕ.

ಆದರೆ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಹರಿಯಾಣದ ಕರ್ನಾಲ್ ಜಿಲ್ಲೆಯಲ್ಲಿ ಒಂದನೆಯ ಬಗೆಯ ರೋಗಿಗಳನ್ನು ಎಣಿಸಿದಾಗ ಪಟ್ಟಣದಲ್ಲಿ ಲಕ್ಷಕ್ಕೆ 26.6, ಹಳ್ಳಿಗಳಲ್ಲಿ ಕೇವಲ 4.27 ಕಂಡಿತು. ಹಳ್ಳಿಯ ಗಾಳಿ ನೀರುಗಳೇ ಮಕ್ಕಳನ್ನು ಕಾಪಾಡಿದವೆಂದು ಹಿಗ್ಗುವವರು ಇನ್ನೊಂದು ಸಾಧ್ಯತೆಯನ್ನು ನೆನೆಯಬೇಕು: ರೋಗವೇನೆಂದು ತಿಳಿಯುವ ಮೊದಲೇ ತೀರಿಕೊಂಡ ಮಗು ಯಾವ ನೋಂದಣಿಗೂ ಸೇರುವುದಿಲ್ಲ. ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಉಂಡರೂ ಸೊರಗುವ ಮೈ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮತ್ತೆ ಮರುಕಳಿಸುವುದು, ಇವು ಮೊದಲ ಸೂಚನೆಗಳು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಹಿರಿಯರೂ ಬಲ್ಲರು. ಬಳಿಕ ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ಈ ಹಂತವನ್ನು ಅಜೀರ್ಣವೆಂದೋ ದೃಷ್ಟಿ ತಾಕಿತೆಂದೋ ಭಾವಿಸಿ ಎರಡು ದಿನ ಕಳೆದರೆ ಪ್ರಾಣಕ್ಕೇ ಅಪಾಯ. ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆ ಸಂಶಯವನ್ನು ಕ್ಷಣದಲ್ಲಿ ನೀಗಿಸುತ್ತದೆ. ಆದಕಾರಣ ಹಳ್ಳಿಗಳಲ್ಲಿ ರೋಗಿಗಳ ಲೆಕ್ಕ ಏರುವುದು, ಒಂದು ಮಟ್ಟಿಗೆ, ಬದುಕಿಕೊಂಡ ಮಕ್ಕಳ ಲೆಕ್ಕ ಏರುವುದೂ ಹೌದು.

ಎರಡನೆಯ ಬಗೆಯ ಮಾತು ಬೇರೆ. ಹಿಂದೆ ನಡುವಯಸ್ಸಿನವರದಾಗಿದ್ದ ಈ ವ್ಯಾಧಿ ಈಗ ಸ್ಥೂಲಕಾಯದ ಹದಿಹರೆಯದವರಲ್ಲೂ ಕಾಣುತ್ತಿದೆ. 2016–18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 5ರಿಂದ 19 ವರ್ಷದವರ ಪೈಕಿ ಶೇಕಡಾ 10ರಷ್ಟು ಮಂದಿ ಮಧುಮೇಹದ ಹೊಸ್ತಿಲಲ್ಲಿದ್ದರು. ಇಲ್ಲಿ ಆಹಾರಕ್ಕೂ ಆಟಕ್ಕೂ ಸಂಬಂಧವುಂಟು. ಎಳನೀರಿಗೆ ಹೆಸರಾದ ಮದ್ದೂರಿನಲ್ಲಿಯೂ ಬಾಟಲಿಯ ಪಾನೀಯ ಮಕ್ಕಳ ಕೈ ಸೇರಿದೆ. ಕತ್ತಿನ ಹಿಂಬದಿ ಕಪ್ಪಗೆ ದಪ್ಪಗಾಗುವುದು ಇದರ ಒಂದು ಮುನ್ಸೂಚನೆ. ಅದನ್ನು ಕೊಳೆಯೆಂದು ಉಜ್ಜುವ ತಾಯಂದಿರುಂಟು.

ಒಂದನೆಯ ಬಗೆಯ ಮಗುವಿಗೆ ಇನ್ಸುಲಿನ್ ದಿನನಿತ್ಯದ ಅನ್ನದಷ್ಟೇ ಅಗತ್ಯ. ನಾಟಿ ಔಷಧಿಯ ಭರವಸೆಯಿಂದ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಅನಾಹುತ. ಮುಂದೆ ಮದುವೆಗೆ ಅಡ್ಡಿಯಾದೀತೆಂದು ಹೆಣ್ಣುಮಗುವಿನ ರೋಗವನ್ನು ಶಾಲೆಯಿಂದಲೂ ಮರೆಮಾಚುವುದು ಮತ್ತೊಂದು ಕೇಡು. ಇನ್ಸುಲಿನ್ ಪಡೆದ ಮಗುವಿನ ರಕ್ತದಲ್ಲಿ ಸಕ್ಕರೆ ಒಮ್ಮೊಮ್ಮೆ ಕುಸಿಯುವುದುಂಟು. ಕೈ ನಡುಗಿ, ಬೆವರಿ, ಮಂಕಾದ ಆ ಮಗುವಿಗೆ ಒಡನೆಯೇ ಸಕ್ಕರೆ ಕೊಡಬೇಕು. ಪಾಠದ ನಡುವೆ ತಿನ್ನುವುದು ಆಗ ಅಶಿಸ್ತಲ್ಲ. ಶಾಲೆಗೆ ವಿಷಯ ತಿಳಿದಿದ್ದರೆ ತಾನೆ ಉಪಾಧ್ಯಾಯರು ಇದನ್ನು ಅರಿಯುವುದು?