ಸುಂಕದ ಕಟ್ಟೆಯ ಮಾತುಕತೆ

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಗದಗ ಜಿಲ್ಲೆಯ ತಾಲೂಕುಗಳು. ಇವುಗಳಲ್ಲಿ ಗಜೇಂದ್ರಗಡವು ಮೊದಲು ರೋಣ ತಾಲೂಕಿಗೇ ಸೇರಿದ್ದು, ಈಚೆಗೆ ಬೇರೆ ತಾಲೂಕಾಯಿತು. ಹಾಗೆ ಬೇರೆಯಾದುದರಿಂದ ಅಲ್ಲಿಯ ನೇಕಾರನು ನೇಯ್ದ ಪಟ್ಟೇದ ಅಂಚಿನ ಸೀರೆ ರೋಣದ ಪೇಟೆಗೆ ಬರುವುದಕ್ಕೆ ಯಾವ ಅಡ್ಡಿಯೂ ಉಂಟಾಗಲಿಲ್ಲ. ಕಚೇರಿ ಬೇರೆಯಾಯಿತು; ಪೇಟೆ ಬೇರೆಯಾಗಲಿಲ್ಲ. ಆದರೆ ಒಂದು ದೇಶವು ತಾನು ಸೇರಿದ್ದ ವ್ಯಾಪಾರ ಕೂಟವನ್ನು ಬಿಟ್ಟು ಹೊರಬಂದಾಗ ಸಂಗತಿ ಇಷ್ಟು ಸರಳವಾಗಿರುವುದಿಲ್ಲ. ಅದೇಕೆಂದು ತಿಳಿಯುವುದಕ್ಕಾಗಿ ಈ ಮೂರು ಊರುಗಳನ್ನೇ ಒಂದು ಗಳಿಗೆ ಮೂರು ಸ್ವತಂತ್ರ ರಾಜ್ಯಗಳೆಂದು ಭಾವಿಸೋಣ.

ಈ ಮೂರು ರಾಜ್ಯಗಳೂ ಕೂಡಿ ಒಂದು ಕಟ್ಟು ಮಾಡಿಕೊಂಡವೆನ್ನಿ. ತಮ್ಮತಮ್ಮೊಳಗೆ ಸಾಗುವ ಸರಕಿಗೆ ಸುಂಕವಿಲ್ಲ. ಹೊರಗಿನಿಂದ ಬರುವ ಸರಕು ಮಾತ್ರ ಯಾವ ಊರಿನ ಸುಂಕದ ಕಟ್ಟೆಯಲ್ಲಿ ಒಳಹೊಕ್ಕರೂ ಒಂದೇ ದರದ ಸುಂಕ ತೆರಬೇಕು. ಇದರಲ್ಲಿ ಮೊದಲನೆಯ ನಿಯಮ ಎಲ್ಲರಿಗೂ ಹಿತವಾದುದು; ಎರಡನೆಯದೇ ಬಿಗಿಯಾದುದು. ಬ್ಯಾಡಗಿಯ ಮೆಣಸಿನಕಾಯಿಗೆ ನಾನೊಬ್ಬನೇ ಸುಂಕ ಇಳಿಸುತ್ತೇನೆ ಎಂದು ಗಜೇಂದ್ರಗಡವು ಹೇಳುವಂತಿಲ್ಲ. ಹೊರಗಿನವರೊಡನೆ ಆಡುವ ಮಾತನ್ನು ಮೂವರೂ ಒಂದೇ ಬಾಯಿಂದ ಆಡತಕ್ಕದ್ದು. ಹೀಗಿರಲು ಒಂದು ದಿನ ಗಜೇಂದ್ರಗಡವು, ನನ್ನ ಸುಂಕವನ್ನು ನಾನೇ ನೋಡಿಕೊಳ್ಳುತ್ತೇನೆಂದು ಕೂಟದಿಂದ ಹೊರಬೀಳುತ್ತದೆ. ಆ ಕ್ಷಣದಿಂದ ಅದಕ್ಕೆ ಸ್ವಾತಂತ್ರ್ಯವೂ ಬಂತು, ತೊಡಕೂ ಬಂತು. ನಿನ್ನೆಯವರೆಗೆ ಸುಂಕವಿಲ್ಲದೆ ಹೋಗುತ್ತಿದ್ದ ಸೀರೆಗೆ ಇಂದು ರೋಣದ ಬಾಗಿಲಲ್ಲಿ ತಡೆ. ಹೊಲವೊಂದು ರಾಜ್ಯದಲ್ಲಿ, ಕಣ ಇನ್ನೊಂದು ರಾಜ್ಯದಲ್ಲಿರುವ ಗಡಿಹಳ್ಳಿಯವನು ತನ್ನ ಜೋಳದ ಚೀಲಕ್ಕೆ ಯಾರ ಅಪ್ಪಣೆ ಪಡೆಯಬೇಕು? ಕೂಟದ ಹೆಸರಿನಲ್ಲಿ ಹಿಂದೆ ಆಗಿದ್ದ ಒಪ್ಪಂದಗಳನ್ನು ಈಗ ಒಂದೊಂದಾಗಿ ತನ್ನ ಹೆಸರಿನಲ್ಲಿ ಮತ್ತೆ ಮಾಡಿಕೊಳ್ಳಬೇಕು. ಮಾತುಕತೆಯ ಹೊರೆ ಎಂದರೆ ಇದೇ.

ಇದು ಬರಿಯ ಕಲ್ಪನೆಯಲ್ಲ. ಯೂರೋಪಿನ ಆರು ದೇಶಗಳು 1957ರಲ್ಲಿ ರೋಮ್ ನಗರದಲ್ಲಿ ಇಂಥದೇ ಕಟ್ಟನ್ನು ಮಾಡಿಕೊಂಡವು. ಬ್ರಿಟನ್ 1973ರ ಜನವರಿ 1ರಂದು ಅದನ್ನು ಸೇರಿತು. ಮುಂದೆ 2016ರ ಜೂನ್ 23ರಂದು ನಡೆದ ಜನಮತ ಸಂಗ್ರಹದಲ್ಲಿ ಶೇ. 52ರಷ್ಟು ಮತದಾರರು ಕೂಟವನ್ನು ಬಿಡಬೇಕೆಂದರು. 2020ರ ಜನವರಿ 31ರಂದು ಬ್ರಿಟನ್ ಹೊರಬಂದಿತು. ಆದರೂ ಆ ವರ್ಷದ ಕೊನೆಯವರೆಗೆ ಹಳೆಯ ಸುಂಕದ ನಿಯಮಗಳೇ ನಡೆದವು. ಹಳೆಯ ಒಡನಾಡಿಗಳೊಡನೆ ಹೊಸ ವ್ಯಾಪಾರ ಒಪ್ಪಂದ ಕುದುರಿದುದು ಡಿಸೆಂಬರ್ 24ರಂದು, ಗಡುವಿಗೆ ಒಂದೇ ವಾರವಿರುವಾಗ! ಸುಂಕವೇನೋ ತಪ್ಪಿತು, ಆದರೆ ಸರಕಿನೊಡನೆ ಸಾಗಬೇಕಾದ ಕಾಗದಪತ್ರಗಳ ಕಟ್ಟು ಬೆಳೆಯಿತು. ನಮ್ಮ ಗಡಿಹಳ್ಳಿಯ ಪ್ರಶ್ನೆ ಅಲ್ಲಿ ಉತ್ತರ ಐರ್ಲೆಂಡಿನ ಪ್ರಶ್ನೆಯಾಗಿ ನಿಂತು, 2023ರಲ್ಲಿ ಮತ್ತೊಂದು ಒಪ್ಪಂದವನ್ನು ಬೇಡಿತು.

ದೂರದ ಬ್ರಿಟನ್ನು ಯಾವ ಕೂಟದಲ್ಲಿದ್ದರೆ ರೋಣ, ನರಗುಂದಗಳ ಎರೆಹೊಲಕ್ಕೇನು ಎಂದು ಕೇಳಬಹುದು. ಈ ಹೊಲಗಳಿಗೆ ಆ ದೇಶದ ಸುಂಕದ ನೆನಪು ಹಳೆಯದು. ಧಾರವಾಡ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಕ್ಕೆ ಹೋಗುತ್ತಿತ್ತು. ಅದರಿಂದಲೇ ವ್ಯಾಪಾರಿಗಳ ಬಾಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂಬ ಹೆಸರು ಬಿದ್ದಿತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಲ್ಯಾಂಕಶೈರಿನ ಗಿರಣಿಗಳಿಗೆ ಬಾರದಂತಾದಾಗ ಈ ಸೀಮೆಯ ಹತ್ತಿಗೆ ಭಾರೀ ಬೆಲೆ ಬಂದಿತು. ಯುದ್ಧ ಮುಗಿಯುತ್ತಲೇ ಆ ಬೆಲೆ ಕುಸಿಯಿತು. ಹೋದ ಹತ್ತಿ ಬಟ್ಟೆಯಾಗಿ ಮರಳಿ ಬಂದು ನಮ್ಮ ನೇಕಾರರ ಎದುರಿಗೇ ನಿಂತಿತು. 1896ರಲ್ಲಿ ಬ್ರಿಟಿಷ್ ಸರಕಾರವು ವಿದೇಶೀ ಹತ್ತಿ ಬಟ್ಟೆಯ ಮೇಲೆ ಶೇ. 3.5ರ ಆಮದು ಸುಂಕ ಹಾಕಿ, ಅದಕ್ಕೆ ಸರಿದೂಗುವಂತೆ ಭಾರತದ ಗಿರಣಿಗಳ ಬಟ್ಟೆಯ ಮೇಲೂ ಶೇ. 3.5ರ ತೆರಿಗೆ ಹೇರಿತು. ತನ್ನ ನಾಡಿನ ಬಟ್ಟೆಗೆ ತನ್ನ ನಾಡಿನಲ್ಲಿಯೇ ದಂಡ! ಈ ತೆರಿಗೆ ನಿಂತುದು 1925ರಲ್ಲಿ. ಅಲ್ಲಿ ಮಾತುಕತೆಯೇ ಇರಲಿಲ್ಲವೆಂಬುದನ್ನು ಗಮನಿಸಬೇಕು. ಎರಡೂ ಕಡೆಯ ಸುಂಕವನ್ನು ಬರೆದ ಲೇಖನಿ ಒಂದೇ ಆಗಿತ್ತು.

ತಮ್ಮ ವಿಷಯವನ್ನು ಬೇರೆಯವರು ಕುಳಿತು ತೀರ್ಮಾನಿಸುವುದು ಈ ಊರುಗಳಿಗೆ ಅದಕ್ಕಿಂತಲೂ ಹಿಂದಿನಿಂದ ಗೊತ್ತು. ಇತಿಹಾಸದಲ್ಲಿ ಗಜೇಂದ್ರಗಡದ ಒಪ್ಪಂದವೆಂದು ಹೆಸರಾದ 1787ರ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನೂ ಮರಾಠರೂ ಸಂಧಿ ಮಾಡಿಕೊಂಡಾಗ ನರಗುಂದ, ಕಿತ್ತೂರುಗಳು ಮರಾಠರ ಪಾಲಿಗೆ ಹೋದವು. ನರಗುಂದದ ಒಕ್ಕಲಿಗನನ್ನು ಯಾರೂ ಕೇಳಲಿಲ್ಲ.

ಸ್ವಾತಂತ್ರ್ಯಾನಂತರ ಭಾರತವು ಮಾತುಕತೆಗೆ ತಾನೇ ಕುಳಿತುಕೊಳ್ಳುವಂತಾಯಿತು. ಕಾಮನ್‌ವೆಲ್ತ್ ರಾಷ್ಟ್ರವೆಂದು ಬ್ರಿಟಿಷ್ ಪೇಟೆಯಲ್ಲಿ ನಮ್ಮ ಸರಕಿಗೆ ಕೆಲವು ಸುಂಕದ ರಿಯಾಯಿತಿಗಳಿದ್ದವು. 1973ರಲ್ಲಿ ಬ್ರಿಟನ್ ಯೂರೋಪಿನ ಕೂಟವನ್ನು ಹೊಕ್ಕಾಗ ಆ ರಿಯಾಯಿತಿಗಳು ಕ್ರಮೇಣ ಕರಗಿದವು. ಕೂಟದ ಸಾಮಾನ್ಯ ಸುಂಕ ಅವುಗಳ ಸ್ಥಾನಕ್ಕೆ ಬಂದಿತು. ಆ ವರ್ಷವೇ ಭಾರತವು ಕೂಟದೊಡನೆ ವಾಣಿಜ್ಯ ಸಹಕಾರದ ಒಪ್ಪಂದವೊಂದನ್ನು ಮಾಡಿಕೊಳ್ಳಬೇಕಾಯಿತು. 2007ರಲ್ಲಿ ಕೂಟದೊಡನೆ ಇನ್ನೂ ವಿಸ್ತಾರವಾದ ಮಾತುಕತೆ ತೊಡಗಿತಾದರೂ, ಇಪ್ಪತ್ತೇಳು ದೇಶಗಳ ಬೇಡಿಕೆಗಳಿಗೂ ನಮ್ಮ ಬೇಡಿಕೆಗಳಿಗೂ ಹೊಂದಿಕೆಯಾಗದೆ 2013ರಲ್ಲಿ ಅದು ನಿಂತುಹೋಯಿತು. ಮತ್ತೆ ಆರಂಭವಾದುದು 2022ರಲ್ಲಿ.

ಕೂಟ ಬಿಟ್ಟ ಬ್ರಿಟನ್ ಒಂಟಿಯಾಗಿ ಭಾರತದೊಡನೆ ಮಾತಿಗೆ ಕುಳಿತುದೂ 2022ರ ಜನವರಿಯಲ್ಲಿಯೇ. ಆ ವರ್ಷದ ದೀಪಾವಳಿಗೆ ಒಪ್ಪಂದ ಮುಗಿಯಬೇಕೆಂದು ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಹೇಳಿದರು. ದೀಪಾವಳಿ ಬಂದಿತು, ಒಪ್ಪಂದ ಬರಲಿಲ್ಲ. ಮಾತುಕತೆ ಮೊದಲಾಗಿ ಮುಗಿಯುವಷ್ಟರಲ್ಲಿ ಬ್ರಿಟನ್ನು ನಾಲ್ವರು ಪ್ರಧಾನಿಗಳನ್ನು ಕಂಡಿತು. ಕೊನೆಗೆ 2025ರ ಮೇ 6ರಂದು ಮಾತು ಮುಗಿದು, ಜುಲೈ 24ರಂದು ಎರಡೂ ದೇಶಗಳ ವಾಣಿಜ್ಯ ಸಚಿವರು ಬ್ರಿಟನ್ನಿನಲ್ಲಿ ಸಹಿ ಹಾಕಿದರು. ತನ್ನ ಸುಂಕವನ್ನು ತಾನೇ ಇಳಿಸುವ ಸ್ವಾತಂತ್ರ್ಯಕ್ಕಾಗಿ ಕೂಟ ಬಿಟ್ಟ ದೇಶಕ್ಕೆ ಈ ಒಂದು ಸಹಿಗಾಗಿ ಮೂರೂವರೆ ವರ್ಷ ಹಿಡಿಯಿತು.

ಇಂಥ ಮಾತುಕತೆ ನಮ್ಮ ಸಂತೆಯ ಚೌಕಾಶಿಯನ್ನು ಹೋಲುತ್ತದೆ. ಇಲ್ಲಿ ಮಾತ್ರ ಸಾವಿರಾರು ಸರಕುಗಳಿಗೆ ಒಂದೇ ಸಲ ಚೌಕಾಶಿ. ಬ್ರಿಟನ್ನು ತನ್ನ ವಿಸ್ಕಿಗೆ ಬಾಗಿಲು ತೆರೆಯಬೇಕೆಂದಿತು. ಭಾರತವು ಶೇ. 150ರ ಸುಂಕವನ್ನು ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಸಲು ಒಪ್ಪಿತು. ಮೋಟಾರು ಕಾರುಗಳ ಸುಂಕವನ್ನು ಗೊತ್ತಾದ ಸಂಖ್ಯೆಯ ಮಿತಿಯೊಳಗೆ ಶೇ. 10ಕ್ಕೆ ತಗ್ಗಿಸಲು ಒಪ್ಪಿತು. ಆದರೆ ಹಾಲಿನ ಉತ್ಪನ್ನಗಳು, ಸೇಬು, ಅಡಿಗೆ ಎಣ್ಣೆ ಇವುಗಳನ್ನು ರಿಯಾಯಿತಿಯ ಪಟ್ಟಿಯಿಂದ ಹೊರಗಿಟ್ಟಿತು. ಕುಸುಬೆ, ಸೂರ್ಯಕಾಂತಿ ಬಿತ್ತುವ ಹೊಲದವರಿಗೂ ಎರಡು ಎಮ್ಮೆ ಕಟ್ಟಿದ ಮನೆಯವರಿಗೂ ಸಂಬಂಧಿಸಿದ ಮಾತು ಇದು. ಮೇಜಿನ ಮೇಲೆ ಏನನ್ನು ಇಟ್ಟರೆಂಬುದು ಪತ್ರಿಕೆಗಳಲ್ಲಿ ದೊಡ್ಡಕ್ಷರಗಳಲ್ಲಿ ಬರುತ್ತದೆ. ಏನನ್ನು ಇಡದೆ ಉಳಿಸಿಕೊಂಡರೆಂಬುದು ಅಷ್ಟೇ ಮುಖ್ಯವೆಂದು ನನ್ನ ಎಣಿಕೆ.

ಪ್ರತಿಯಾಗಿ ಭಾರತದ ಬಟ್ಟೆಬರೆ, ಸಿದ್ಧ ಉಡುಪುಗಳ ಮೇಲೆ ಬ್ರಿಟನ್ನು ವಿಧಿಸುತ್ತಿದ್ದ, ಶೇ. 12ರವರೆಗೂ ಇದ್ದ ಸುಂಕವನ್ನು ತೆಗೆಯಲು ಒಪ್ಪಿತು. ಇದರ ಲೆಕ್ಕವನ್ನು ನೋಡೋಣ. ನಮ್ಮ 100 ರೂಪಾಯಿಯ ಅಂಗಿ ಶೇ. 12ರ ಸುಂಕ ತೆತ್ತು 112ಕ್ಕೆ ಬ್ರಿಟನ್ನಿನ ಪೇಟೆಯನ್ನು ಹೊಗುತ್ತದೆ. ಸುಂಕದ ವಿನಾಯಿತಿ ಪಡೆದ ಬಾಂಗ್ಲಾದೇಶದ 100 ರೂಪಾಯಿಯ ಅಂಗಿ ನೂರಕ್ಕೇ ಹೊಗುತ್ತದೆ. ಮಾರಾಟವಾಗಬೇಕಾದರೆ ನಮ್ಮವನು ಆ ಹನ್ನೆರಡನ್ನು ಎಲ್ಲಿಂದಲಾದರೂ ಕಳೆಯಬೇಕು: ಹೊಲಿಗೆಯವಳ ಕೂಲಿಯಿಂದಲೋ, ನೂಲಿನ ಬೆಲೆಯಿಂದಲೋ, ಕಟ್ಟಕಡೆಗೆ ಹತ್ತಿಯ ಧಾರಣೆಯಿಂದಲೋ. ಲ್ಯಾಂಕಶೈರಿನ ಹಳೆಯ ಗಿರಣಿಗಳು ಮುಚ್ಚಿಹೋಗಿವೆ. ಇಂದು ನಮ್ಮ ಹತ್ತಿ ಬ್ರಿಟನ್ನನ್ನು ತಲುಪಬೇಕಾದರೆ ನಮ್ಮ ದೇಶದ ಗಿರಣಿಗಳಲ್ಲಿ ನೂಲಾಗಿ, ತಿರುಪ್ಪೂರಿನಂಥ ಊರಿನಲ್ಲಿ ಅಂಗಿಯಾಗಿ ಹೋಗಬೇಕು. ಲಾಭದ ಹಾದಿ ಅಷ್ಟು ಉದ್ದವಾದುದು.

ಆ ಹಾದಿಯಲ್ಲಿ ಎಲ್ಲರ ಹಿತವೂ ಒಂದೇ ಅಲ್ಲ. ಹೊರದೇಶದ ಹತ್ತಿಯ ಮೇಲೆ ಭಾರತವು 2021ರಿಂದ ಶೇ. 11ರ ಆಮದು ಸುಂಕ ವಿಧಿಸಿತ್ತು. 2025ರ ಆಗಸ್ಟಿನಲ್ಲಿ ಅದನ್ನು ವರ್ಷದ ಕೊನೆಯವರೆಗೆ ತೆಗೆದುಹಾಕಿದಾಗ ಗಿರಣಿಯವರು ಸ್ವಾಗತಿಸಿದರು, ಹತ್ತಿ ಬೆಳೆಯುವವರು ಧಾರಣೆ ಬೀಳುವುದೆಂದು ಆಕ್ಷೇಪಿಸಿದರು. ಅಂಗಿಗೆ ಅನುಕೂಲವಾದುದು ಹತ್ತಿಗೆ ಅನುಕೂಲವಾಗಲೇಬೇಕೆಂದಿಲ್ಲ.

ಗಜೇಂದ್ರಗಡದ ಸೀರೆಯ ವಿಷಯದಲ್ಲಿ ಇನ್ನೊಂದು ನಿಯಮವುಂಟು. ಸುಂಕದ ವಿನಾಯಿತಿ ಸಿಗಬೇಕಾದರೆ ಸರಕು ನಿಜವಾಗಿಯೂ ಭಾರತದಲ್ಲಿಯೇ ತಯಾರಾಯಿತೆಂದು ಕಾಗದದ ಮೇಲೆ ತೋರಿಸಬೇಕು. ಬೇರೆ ದೇಶದ ಬಟ್ಟೆ ನಮ್ಮ ಮುದ್ರೆ ಹೊತ್ತು ನುಸುಳಬಾರದೆಂಬುದೇ ಇದರ ಉದ್ದೇಶ. ಆ ಕಾಗದವನ್ನು ಮಾಡಿಸುವವನು ಸರಕನ್ನು ಹೊರದೇಶಕ್ಕೆ ಕಳುಹಿಸುವ ವ್ಯಾಪಾರಿ, ಕೈಮಗ್ಗದ ಮುಂದೆ ಕುಳಿತವನಲ್ಲ. ಸುಂಕದಿಂದ ಉಳಿಯುವ ಹನ್ನೆರಡು ರೂಪಾಯಿಯಲ್ಲಿ ನೇಕಾರನಿಗೆಷ್ಟು, ವ್ಯಾಪಾರಿಗೆಷ್ಟು ಎಂಬುದನ್ನು ಬ್ರಿಟನ್ನಿನಲ್ಲಿ ಸಹಿಯಾದ ಒಪ್ಪಂದವು ಹೇಳುವುದಿಲ್ಲ. ಆ ಮಾತನ್ನು ಗಜೇಂದ್ರಗಡದ ಪೇಟೆಯಲ್ಲಿ ಅವರಿಬ್ಬರೇ ಕುಳಿತು ಆಡಿಕೊಳ್ಳಬೇಕು.